ರೊಟ್ಟಿ ಬಡಿಯುವ ಅವಲಂಬಿತ

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಸಾವಕಾರರು. ಸಾವಕಾರರು ಅಂದರೆ ನನ್ನ ಮಗ. ಹೊಟ್ಟೆ ಮುಂದೆ ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಾವಿರುವ ರಿಗ್ಗೈ ಬಡಾವಣೆಯ ಅರ್ಧ ಬಿಲ್ಡಿಂಗುಗಳ ಬಾಡಿಗೆ ತನಗೇ ಬರಬೇಕು ಎನ್ನುವ ಗತ್ತಿನಲ್ಲಿ ನಡೆಯುತ್ತಾನೆ. ಅದಕ್ಕೇ ಅವನಪ್ಪ ಆ ಹೆಸರಿಟ್ಟರು. ಅವನು ಹುಟ್ಟಿದಾಗ ಡಾಕ್ಟರು ಡೌನ್ ಸಿಂಡ್ರೋಮ್ ಎಂದರು. ನಾನು ಬಾಗಲಕೋಟೆಯಿಂದ ಮದುವೆಯಾಗಿ ಕುವೈತಿಗೆ ಬಂದು ಇನ್ನೂ ಇಲ್ಲಿಯ ಎಸಿ ತಂಪಿಗೂ ಹೊಂದಿಕೊಂಡಿರಲಿಲ್ಲ. ಆ ಎರಡು ಶಬ್ದ ಕೇಳಿ ಬಹಳ ಅತ್ತೆ. ಆಮೇಲೆ ಅಳುವುದಕ್ಕೆ ಪುರುಸೊತ್ತೇ ಸಿಗಲಿಲ್ಲ, ಯಾಕೆಂದರೆ ಕೂಸಿಗೆ ಹಸಿವು ಜಾಸ್ತಿ.

ಅವನಿಗೆ ಒಂದೊಂದು ಕೆಲಸ ಕಲಿಸುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಹೋಯಿತು. ವಿಶೇಷ ಮಕ್ಕಳ ಕೇಂದ್ರದ ಟೀಚರುಗಳು ಮೆಲ್ಲಗೆ, ನಗುನಗುತ್ತ, ಚಿತ್ರ ತೋರಿಸಿ ಕಲಿಸುತ್ತಿದ್ದರು. ನಾನು ಬೈದು ಕಲಿಸಿದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಬೂಟಿನ ಎಡಬಲ, ಲಿಫ್ಟಿನಲ್ಲಿ ನಮ್ಮ ಮಹಡಿಯ ಗುಂಡಿ ಒತ್ತುವುದು, ಕೆಳಗಿನ ಮಲಯಾಳಿ ಅಂಗಡಿಗೆ ಹೋಗಿ ಮೊಸರು ತರುವುದು, ಒಂದನ್ನೂ ಬಿಡಲಿಲ್ಲ. ಮನೆಗೆ ಬಂದವರು ಯಾರಾದರೂ, ಪಾಪ, ಅವನಿಗ್ಯಾಕೆ ಕೆಲಸ ಹೇಳ್ತೀರಿ ಎಂದರೆ ನನ್ನ ಮೈ ಉರಿಯುತ್ತದೆ. ಹಾಗೆ ಅಂದವರಿಗೆ ನಮ್ಮ ಮನೆಯಲ್ಲಿ ಎರಡನೇ ಸಲ ಚಹಾ ಇಲ್ಲ.

ಮಾತಿನ ವಿಷಯದಲ್ಲಂತೂ ನನಗೆ ಸ್ವಲ್ಪ ಜಂಬವೇ ಇದೆ. ಬಿಲ್ಡಿಂಗಿನ ಬೇರೆ ಕನ್ನಡ ಮಕ್ಕಳೆಲ್ಲ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ನನ್ನ ಮಗನಿಗೆ ಕೇಂದ್ರದಲ್ಲಿ ಕಲಿತ ಇಂಗ್ಲಿಷು ಚೆನ್ನಾಗಿ ತಿಳಿಯುತ್ತದೆ, ಆದರೆ ಬಾಯಿ ಬಿಟ್ಟರೆ ಬರುವುದು ನಮ್ಮ ಬಾಗಲಕೋಟೆಯ ಮಾತು. ಸ್ವಲ್ಪ ತೊದಲು, ಸ್ವಲ್ಪ ನಿಧಾನ, ಆದರೆ ಅಪ್ಪಟ. ಅವನ ಬಾಯಲ್ಲಿ ನನ್ನ ಅವ್ವನ ಮಾತುಗಳು ಬಂದಾಗ ನನಗೆ ಖುಷಿಯಾಗಿ ಬೇಕಂತಲೇ ಇನ್ನೊಂದು ಸಲ ಹೇಳಿಸುತ್ತೇನೆ.

ರೊಟ್ಟಿ ಮಾತ್ರ ನಾನು ಕಲಿಸಿದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಬಲಭುಜ ಹಿಡಿದುಕೊಂಡಿತು. ಕೈ ಎತ್ತಿದರೆ ಪ್ರಾಣ ಹೋಗುವಷ್ಟು ನೋವು. ಜೋಳದ ರೊಟ್ಟಿ ಬಡಿಯುವುದಕ್ಕೆ ಭುಜವೇ ಬೇಕು. ಊರಿಂದ ತಂದ ಹಿಟ್ಟು ಡಬ್ಬಿಯಲ್ಲಿ ಹಾಗೇ ಕೂತಿತ್ತು, ಮನೆಯವರು ಅಂಗಡಿಯ ಅರಬ್ಬಿ ರೊಟ್ಟಿ ಖುಬ್ಸ್ ಹರಿದು ಪುಂಡಿಪಲ್ಯದಲ್ಲಿ ಅದ್ದಿಕೊಂಡು, ಪರವಾಗಿಲ್ಲ ಪರವಾಗಿಲ್ಲ ಅನ್ನುತ್ತ ಮುಖ ಕಿವುಚಿ ನುಂಗುತ್ತಿದ್ದರು. ಒಂದು ಶುಕ್ರವಾರ ನಾನು ಹಟ ಮಾಡಿ ಹಿಟ್ಟು ನಾದಿ, ಎರಡು ಪೆಟ್ಟು ಹಾಕಿ, ಅಯ್ಯೋ ಅಂತ ಕೈಬಿಟ್ಟೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗ ನನ್ನನ್ನು ಸೊಂಟದಿಂದ ಆಚೆ ನೂಕಿ, ಎರಡೂ ಅಂಗೈಗೆ ಹಿಟ್ಟು ಹಚ್ಚಿಕೊಂಡು ಬಡಿಯತೊಡಗಿದ. ಹುಟ್ಟಿದಾಗಿನಿಂದ ನೋಡಿದ್ದನಲ್ಲ, ಆ ಲಯ ಅವನ ಮೈಯಲ್ಲೇ ಇತ್ತು. ಗಿಡ್ಡ ಬೆರಳಿನ, ಅಗಲ ಅಂಗೈಯ ಕೈಗಳು ಅವನವು. ಆ ಕೈಗಳನ್ನು ಡಾಕ್ಟರುಗಳು ಮೊದಲ ದಿನವೇ ತಿರುವಿ ತಿರುವಿ ನೋಡಿ ತಮ್ಮ ತಮ್ಮಲ್ಲೇ ಏನೋ ಮಾತಾಡಿಕೊಂಡಿದ್ದರು. ರೊಟ್ಟಿಗೆ ಹೇಳಿ ಮಾಡಿಸಿದ ಕೈಗಳು ಎಂದು ಅವರಿಗೆ ಗೊತ್ತಿರಲಿಲ್ಲ.

ಅಲ್ಲಿಂದ ರೊಟ್ಟಿ ಅವನದೇ ಖಾತೆ. ನಾನು ಎಸರಿಟ್ಟು ಹಿಟ್ಟು ನಾದಿ ಕೊಡಬೇಕು, ಬಡಿಯುವುದು, ಹಂಚಿಗೆ ಹಾಕುವುದು, ನೀರು ಸವರುವುದು ಅವನು. ಕೆಳಗಿನ ಮನೆಯ ಉಡುಪಿ ಕಡೆಯಾಕೆ ಮೊದಲ ವಾರ ಮೆಟ್ಟಿಲು ಹತ್ತಿ ಬಂದು ಜಗಳವಾಡಿದಳು. "ಎಂತ ಮಾರಾಯ್ತಿ ಇದು, ಗೋಡೆ ಒಡೀತಾ ಇದ್ದೀರಾ?" ನಾನು ಬಾಯಿ ತೆರೆಯುವ ಮೊದಲೇ ಸಾವಕಾರರು ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅವಳ ಕೈಗಿಟ್ಟರು. ಆಮೇಲೆ ಅವಳು ಶಬ್ದ ಕೇಳಿದ ಕೂಡಲೇ ತಟ್ಟೆ ಹಿಡಿದು ಬರತೊಡಗಿದಳು.

ಇಷ್ಟು ಸುಖವಾಗಿದ್ದ ಮನೆಗೆ ಅವನ ಇಪ್ಪತ್ತೊಂದನೇ ಹುಟ್ಟುಹಬ್ಬ ಬಂತು. ಈ ದೇಶದ ಕಾಯಿದೆ ಏನೆಂದರೆ, ಗಂಡುಮಗನಿಗೆ ಇಪ್ಪತ್ತೊಂದು ತುಂಬಿದ ಮೇಲೆ ಅವನು ತಂದೆಯ ಅವಲಂಬಿತನಾಗಿ ಇರುವಂತಿಲ್ಲ. ದುಡಿಯಬೇಕು, ಕೆಲಸ ಕೊಟ್ಟು ಜವಾಬ್ದಾರಿ ಹೊರುವ ಕಫೀಲನನ್ನು ಹುಡುಕಿಕೊಂಡು ಇಲ್ಲಿ ಇರಲು ತನ್ನದೇ ಪರವಾನಗಿ, ಇಕಾಮಾ, ಮಾಡಿಸಬೇಕು, ಇಲ್ಲವೇ ಊರಿಗೆ ಹೋಗಬೇಕು. ಬಿಲ್ಡಿಂಗಿನ ಎಷ್ಟೋ ಹುಡುಗರು ಆ ವಯಸ್ಸಿಗೆ ಸರಿಯಾಗಿ ಸೂಟ್‌ಕೇಸು ಹಿಡಿದು ಹೋದದ್ದನ್ನು ನೋಡಿದ್ದೆವು. ಆದರೂ ಅದು ನಮ್ಮವನಿಗೆ ಸಂಬಂಧಿಸಿದ್ದು ಎಂದು ನಮಗೆ ಅನಿಸಿರಲೇ ಇಲ್ಲ. ನಮಗೆ ಅವನು ಹನ್ನೆರಡರಲ್ಲೇ ನಿಂತಿದ್ದ.

ಮನೆಯವರು ದೊಡ್ಡ ಕಟ್ಟಡಗಳ ಎಸಿ ಯಂತ್ರ ನೋಡಿಕೊಳ್ಳುವ ಕಂಪನಿಯಲ್ಲಿ ಟೆಕ್ನಿಷಿಯನ್. ಆ ದಿನ ಕೆಲಸದಿಂದ ಬಂದವರು ಬೂಟು ಬಿಚ್ಚದೆ ಸೋಫಾದ ತುದಿಗೆ ಕೂತರು. ಕಂಪನಿಯ ಸರ್ಕಾರಿ ಕೆಲಸಗಳಿಗೆ ಓಡಾಡುವ ಈಜಿಪ್ಟಿನವನು ಹೇಳಿದ್ದನಂತೆ: ನಿನ್ನ ಮಗನ ವಿಷಯ ಬೇರೆ, ಅವನು ಸ್ವಂತವಾಗಿ ಬದುಕಲಾರ ಎಂದು ವೈದ್ಯಕೀಯ ಸಮಿತಿ ಒಪ್ಪಿದರೆ ಅವನನ್ನು ಅವಲಂಬಿತನೆಂದು ನಿನ್ನ ಮೇಲೆಯೇ ಇಟ್ಟುಕೊಳ್ಳಬಹುದು, ಒಪ್ಪದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ.

"ಒಪ್ಪಲಿಲ್ಲಂದ್ರ?" ಎಂದೆ.

"ನೀ ಅವನ ಕರಕೊಂಡು ಊರಿಗೆ ಹೋಗಬೇಕಾಗತೈತಿ. ನಾ ಇಲ್ಲೇ."

ಅವರು ಇಷ್ಟೇ ಹೇಳಿದ್ದು. ಒಬ್ಬರ ಸಂಬಳ ಇಲ್ಲಿ, ಇಬ್ಬರ ಊಟ ಅಲ್ಲಿ. ಗಲ್ಫಿನಲ್ಲಿ ಎಷ್ಟೋ ಮನೆಗಳು ಹೀಗೇ ನಡೆಯುತ್ತವೆ, ನಮಗೇನು ಕೋಡು ಮೂಡಿಲ್ಲ. ಆದರೆ ಅವನಪ್ಪ ಕೆಲಸದಿಂದ ಬರುವ ಹೊತ್ತಿಗೆ ಅವನು ಬಾಗಿಲ ಬಳಿ ನಿಂತಿರುತ್ತಾನೆ. ಅಪ್ಪನ ಟಿಫಿನ್ ಡಬ್ಬಿ ಕಸಿದುಕೊಂಡು, ಒಳಗೆ ಏನು ಉಳಿದಿದೆ ಎಂದು ನೋಡಿ, ಉಳಿದಿದ್ದರೆ ಬೈಯುತ್ತಾನೆ. ಅಪ್ಪ ಬಾರದ ಮನೆಯಲ್ಲಿ ಅವನು ದಿನಾ ಆ ಹೊತ್ತಿಗೆ ಬಾಗಿಲ ಬಳಿ ನಿಲ್ಲುವುದನ್ನು ನೆನೆಸಿಕೊಂಡೇ ನನ್ನ ಎದೆ ಒಡೆಯಿತು.

ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿರುವ ನನ್ನ ತಮ್ಮನಿಗೆ ಫೋನು ಮಾಡಿ ಹೇಳಿಕೊಂಡರೆ, ಅವನು ಬ್ಯಾಂಕಿನವನ ಹಾಗೆಯೇ ಮಾತಾಡಿದ. "ಅಕ್ಕಾ, ಇಲ್ಲೆ ಇದ್ದಿದ್ರ ಇನ್‌ಕಮ್ ಟ್ಯಾಕ್ಸ್‌ನ್ಯಾಗ ಅವನ್ನ ಅವಲಂಬಿತ ಅಂತ ತೋರಿಸಬಹುದಿತ್ತು ನೋಡು. ವಯಸ್ಸು ಎಷ್ಟಾದ್ರೂ ನಡೀತೈತಿ. ಒಳ್ಳೆ ರಿಯಾಯಿತಿ ಕೊಡ್ತಾರ." ನಮಗೆ ಇಲ್ಲಿ ಟ್ಯಾಕ್ಸೇ ಇಲ್ಲ, ರಿಯಾಯಿತಿ ತಗೊಂಡು ಉಪ್ಪಿನಕಾಯಿ ಹಾಕಲೇ ಎಂದು ಫೋನಿಟ್ಟೆ. ಅಲ್ಲಿಯವರು ಮಗನನ್ನು ತೋರಿಸಿ ಟ್ಯಾಕ್ಸು ಉಳಿಸಿಕೊಳ್ಳುತ್ತಾರೆ. ನಾನು ಮಗನನ್ನು ತೋರಿಸಿ ಮಗನನ್ನೇ ಉಳಿಸಿಕೊಳ್ಳಬೇಕಿತ್ತು.

ಹೇಗೆ ತೋರಿಸುವುದು ಎನ್ನುವುದೇ ನನ್ನ ತಲೆ ತಿಂದಿತು. ಸಮಿತಿಯ ಮುಂದೆ ಇವನು ಕೈ ಹಿಂದೆ ಕಟ್ಟಿಕೊಂಡು ಒಳಗೆ ಹೋಗಿ ಎಲ್ಲರಿಗೂ ಸಲಾಂ ಹೇಳಿ, ಎಸಿ ಜಾಸ್ತಿಯಾಗಿದೆ ಕಡಿಮೆ ಮಾಡಿ ಎಂದು ಹೇಳುವವನೇ. ಸ್ವಂತವಾಗಿ ಬದುಕಲಾರದವನ ಲಕ್ಷಣ ಒಂದೂ ಇಲ್ಲ. ಇಷ್ಟು ವರ್ಷ ಬೈದು ಕಲಿಸಿದ್ದೆಲ್ಲ ಈಗ ನನಗೇ ತಿರುಗಿ ಬಂತು ಅನಿಸಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ಡಾಕ್ಟರು ಏನು ಕೇಳಿದರೂ "ಬರಂಗಿಲ್ಲ" ಅನ್ನಬೇಕು, ಇಲ್ಲವೇ ಸುಮ್ಮನೆ ಕೂರಬೇಕು. ನಮ್ಮ ಕಡೆ ಹೆಣ್ಣು ನೋಡಲು ಬರುವವರ ಮುಂದೆ ಹುಡುಗಿಗೆ ಎಲ್ಲಾ ಬರುತ್ತದೆ ಎಂದು ಹೇಳಿಸುತ್ತಾರೆ. ನಾನು ತಿರುವಿ ಹಾಕಿದೆ ಅಷ್ಟೆ.

ದಿನಾ ಸಂಜೆ ತಾಲೀಮು ನಡೆಯಿತು. ಮನೆಯವರು ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಡಾಕ್ಟರಾದರು.

"ಅಂಗಿ ಹಾಕ್ಕೊಳ್ಳಾಕ ಬರತೈತೇನು?"

"ಬರಂಗಿಲ್ಲ."

"ಅಂಗಡಿಗೆ ಹೋಗಾಕ ಬರತೈತೇನು?"

"ಬರಂಗಿಲ್ಲ."

"ಅಪ್ಪ ಶ್ಯಾಣ್ಯಾನೋ, ಅವ್ವ ಶ್ಯಾಣ್ಯಾಳೋ?"

"ಅವ್ವ ಬರಂಗಿಲ್ಲ!" ಎಂದು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವನಿಗೆ ಇದೊಂದು ಆಟ. ಆಡಿದಾಗಲೆಲ್ಲ ತಾನೇ ಗೆಲ್ಲುವ ಆಟ. ನಾನೂ ನಕ್ಕೆ. ಮನೆಯವರು ಮಾತ್ರ ಮೂರನೇ ಸಂಜೆಗೇ ಕನ್ನಡಕ ತೆಗೆದಿಟ್ಟರು. "ನಂಗ ಇದು ಸರಿ ಬರವಲ್ತು," ಎಂದರು. "ಮಗಗ ಏನೂ ಬರಂಗಿಲ್ಲ ಅಂತ ಅಪ್ಪ ಆದವ ಕಲಿಸೋದೇನು?" ನಾನು ಸಿಟ್ಟಾದೆ. ಹಾಗಾದರೆ ನೀವೇ ಬೇರೆ ದಾರಿ ಹೇಳಿ ಎಂದೆ.

ಸಮಿತಿಯ ದಿನ ಅವನಿಗೆ ಹೊಸ ಅಂಗಿ ತೊಡಿಸಿ, ಗುಂಡಿಗಳನ್ನು ನಾನೇ ಹಾಕಿದೆ, ಬೇಕಂತಲೇ ಒಂದು ತಪ್ಪಿಸಿ. ಅವನು ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡು ಸರಿಮಾಡಿಕೊಂಡ. ಒಳಗೆ ಮೂವರಿದ್ದರು. ಇಬ್ಬರು ಗಂಡಸರು ಫೈಲು ನೋಡುತ್ತ ಕೂತಿದ್ದರು. ಮಾತಾಡಿದವಳು ನಡುವೆ ಕೂತ ಕುವೈತಿ ಡಾಕ್ಟರು, ನನ್ನ ವಯಸ್ಸಿನವಳು, ಸರಳ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳುತ್ತಿದ್ದಳು. ಹೆಸರು ಕೇಳಿದಳು. ಸಾವಕಾರರು ಗೋಡೆ ನೋಡಿದರು. ವಯಸ್ಸು ಕೇಳಿದಳು. ಗೋಡೆಯನ್ನೇ ನೋಡಿದರು. ಪೆನ್ನು ಕೊಟ್ಟು ಏನಾದರೂ ಬರೆ ಎಂದಳು. ಮುಟ್ಟಲಿಲ್ಲ. ಎಷ್ಟು ಚೆನ್ನಾಗಿ ನಡೆಸಿಕೊಟ್ಟನೆಂದರೆ ನನಗೇ ಹೆಮ್ಮೆಯಾಯಿತು. ಮನೆಯವರು ಪಕ್ಕದಲ್ಲಿ ಅಷ್ಟು ತಂಪಿನಲ್ಲೂ ಹಣೆ ಒರೆಸಿಕೊಳ್ಳುತ್ತಿದ್ದರು.

ಆಗ ಡಾಕ್ಟರು ಅವನ ಕೈ ನೋಡಿದಳು. ಹೆಬ್ಬೆರಳ ಬುಡದಲ್ಲಿ ಹೊಸದಾಗಿ ಸುಟ್ಟ ಕಲೆ ಇತ್ತು. ಅವಳ ಮುಖ ಬದಲಾಯಿತು. ನನ್ನ ಕಡೆ ಒಂದು ಸಲ ನೋಡಿ, ಅವನ ಕೈಯನ್ನು ಮೆಲ್ಲಗೆ ಹಿಡಿದು, "ಇದು ಹೇಗಾಯ್ತು? ಯಾರು ಮಾಡಿದರು?" ಎಂದಳು.

ಅಷ್ಟು ಹೊತ್ತು ತಡೆದಿದ್ದವನಿಗೆ ಇದನ್ನು ತಡೆಯಲಾಗಲಿಲ್ಲ. "ರೊಟ್ಟಿ!" ಎಂದ. ಅವಳಿಗೆ ತಿಳಿಯಲಿಲ್ಲ. ಎದ್ದು ನಿಂತು, ತೋಳು ಮಡಚಿ, ಅವಳ ಮೇಜಿನ ಮೇಲಿನ ಕಾಗದಗಳನ್ನು ಒಂದು ಕಡೆ ಸರಿಸಿ, ಎರಡೂ ಅಂಗೈಯಲ್ಲಿ ಬಡಿಯತೊಡಗಿದ. ದಪ್ ದಪ್ ದಪ್ ದಪ್, ನಡುವೆ ಇಲ್ಲದ ರೊಟ್ಟಿಯನ್ನು ತಿರುಗಿಸಿ, ಇಲ್ಲದ ಹಿಟ್ಟು ಉದುರಿಸಿ, ಮತ್ತೆ ದಪ್ ದಪ್. ಪೆನ್ನಿನ ಸ್ಟ್ಯಾಂಡು ಕುಣಿಯಿತು. ನೀರಿನ ಲೋಟ ಜಾರಿತು, ಫೈಲು ನೋಡುತ್ತಿದ್ದವರಲ್ಲಿ ಒಬ್ಬರು ಹಿಡಿದುಕೊಂಡರು. ಹೊರಗಿನ ಕಾವಲುಗಾರ ಬಾಗಿಲು ತೆರೆದು ಇಣುಕಿದ. ಕೊನೆಗೆ ಇಲ್ಲದ ರೊಟ್ಟಿಯನ್ನು ಎತ್ತಿ ಇಲ್ಲದ ಹಂಚಿಗೆ ಹಾಕಿ, ಸುಟ್ಟ ಜಾಗ ತೋರಿಸಿ, "ಹಾಟ್," ಎಂದು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದ.

ಡಾಕ್ಟರು ನನ್ನನ್ನು ಕೇಳಿದಳು: "ಇವನು ಅಡುಗೆ ಮಾಡುತ್ತಾನೆಯೇ?"

ಒಂದು ಕ್ಷಣ ನನಗೆ ಬಾಗಲಕೋಟೆಯ ಮನೆಯ ಬಾಗಿಲು, ಅಲ್ಲಿ ಅಪ್ಪನಿಗೆ ಕಾಯುತ್ತ ನಿಂತ ಇವನು, ಕಣ್ಣಿಗೆ ಕಟ್ಟಿತು. "ಇಲ್ಲ ಡಾಕ್ಟರ್," ಎಂದೆ, ಇಂಗ್ಲಿಷಿನಲ್ಲಿ. "ಅದೆಲ್ಲ ಆಟ. ನಾನು ಮಾಡುವಾಗ ನಡುವೆ ಬಂದು ಕೈ ಹಾಕುತ್ತಾನೆ. ಇವನಿಗೆ ಮಾಡಲು ಬರುವುದಿಲ್ಲ. ಏನೂ ಬರುವುದಿಲ್ಲ. ಎಲ್ಲಾ ನಾನೇ ಮಾಡಬೇಕು."

ಅವನಿಗೆ ಇಂಗ್ಲಿಷು ತಿಳಿಯುತ್ತದೆ ಎಂಬುದು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಅವನು ತಿರುಗಿ ನನ್ನನ್ನು ನೋಡಿದ. ಕೈ ಇನ್ನೂ ಮೇಜಿನ ಮೇಲಿತ್ತು. ತಾಲೀಮಿನಲ್ಲಿ ಅವನು ಅಂದದ್ದು ಆಟವಾಗಿತ್ತು, ನಾನು ಅಂದದ್ದು ಆಟವಲ್ಲ ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಕೈ ಹಿಂದಕ್ಕೆ ತೆಗೆದುಕೊಂಡು ಕುರ್ಚಿಯಲ್ಲಿ ಕೂತ.

ಡಾಕ್ಟರು ಇನ್ನೊಂದೇ ಪ್ರಶ್ನೆ ಕೇಳಿದಳು. ಅದನ್ನು ನಮ್ಮನ್ನಲ್ಲ, ಅವನನ್ನೇ ಕೇಳಿದಳು. "ಅಪ್ಪ ಅಮ್ಮ ಇಂಡಿಯಾಕ್ಕೆ ಹೋದರು ಅಂತ ತಿಳಿ. ನೀನು ಒಬ್ಬನೇ ಇಲ್ಲಿದ್ದೀ. ಆಗ ಏನು ಮಾಡ್ತೀ?"

ಅವನು ಗಾಬರಿಯಿಂದ ಎದ್ದ. ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆ ತಿರುಗಿದ. "ಚೀಲ ತಂದಿಲ್ಲ," ಎಂದ. "ಅಪ್ಪಾ, ಇವತ್ತ ಹೋಗೋದು? ನನ್ನ ಚೀಲ ತಂದಿಲ್ಲ." ಅಪ್ಪನ ತೋಳು ಹಿಡಿದುಕೊಂಡು ಬಾಗಿಲ ಕಡೆ ಎಳೆಯತೊಡಗಿದ.

ಏನು ಹೇಳುತ್ತಿದ್ದಾನೆ ಎಂದು ಅವಳು ಕೇಳಿದಳು. ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಪಕ್ಕದವರಿಗೆ ಅರಬ್ಬಿಯಲ್ಲಿ ಏನೋ ಹೇಳಿ, "ಖಲಾಸ್," ಎಂದು ಫೈಲು ಮುಚ್ಚಿದಳು. ಕೆಲಸ ಆಯಿತು ಎಂದು ಅವಳ ಮುಖ ನೋಡಿಯೇ ತಿಳಿಯಿತು. ಹೊರಡುವಾಗ ಅವನ ಹೆಗಲ ಮೇಲೆ ಕೈಯಿಟ್ಟು, ಆ ಬ್ರೆಡ್ಡಿನ ಹೆಸರೇನು ಇನ್ನೊಂದು ಸಲ ಹೇಳು ಎಂದಳು.

"ಬರಂಗಿಲ್ಲ," ಎಂದ ನನ್ನ ಮಗ.

ಮನೆಗೆ ಬಂದ ಮೇಲೆ ನಾನು ಹಗುರಾಗಿದ್ದೆ, ನಿಜ ಹೇಳಬೇಕೆಂದರೆ ಹಾಡಿಕೊಳ್ಳುತ್ತಿದ್ದೆ. ಎಸರಿಟ್ಟು, ಹಿಟ್ಟು ನಾದಿ, "ಬರ್ರಿ ಸಾವಕಾರ್ರ," ಎಂದು ಕರೆದೆ. ಟಿವಿ ಮುಂದೆ ಕೂತಲ್ಲಿಂದಲೇ, "ನಂಗ ಬರಂಗಿಲ್ಲ," ಎಂದ. ತಮಾಷೆ ಎಂದುಕೊಂಡೆ. ಹತ್ತಿರ ಹೋಗಿ ಕೈ ಹಿಡಿದೆಳೆದೆ. ಬಿಡಿಸಿಕೊಂಡ. "ಬರಂಗಿಲ್ಲ. ನೀನ ಹೇಳಿದಿ."

ಮರುದಿನ ಬೆಳಿಗ್ಗೆ ಅಂಗಿ ತೆರೆದುಕೊಂಡು ನನ್ನ ಮುಂದೆ ಬಂದು ನಿಂತ. ಗುಂಡಿ ಹಾಕಿಕೋ ಎಂದರೆ, ಬರಂಗಿಲ್ಲ. ಮೊಸರು ತಾ ಎಂದರೆ, ಬರಂಗಿಲ್ಲ. ಅಪ್ಪ ಬರುವ ಹೊತ್ತಿಗೆ ಬಾಗಿಲ ಬಳಿ ಹೋಗಲೂ ಇಲ್ಲ. ಮೊದಲು ರಮಿಸಿದೆ, ಆಮೇಲೆ ಬೈದೆ, ಆಮೇಲೆ ಒಂದು ಮಧ್ಯಾಹ್ನ ಕೂಗಾಡಿಬಿಟ್ಟೆ. ಅವನು ಕೂಗಾಟಕ್ಕೆ ಹೆದರುವವನಲ್ಲ, ಅದರಲ್ಲೇ ಬೆಳೆದವನು. ಮನೆಯವರು ಖುಬ್ಸ್ ಹರಿಯುತ್ತ, "ಭಾಳ ಚಲೋ ಕಲಿಸಿದಿ," ಎಂದರು. ಅವರು ಹಂಗಿಸುವುದು ಅಪರೂಪ, ಹಾಗಾಗಿ ಚುಚ್ಚಿತು.

ಹಾಗೆ ದಿನಗಳು ಹೋದವು. ಕೇಂದ್ರದ ಟೀಚರ ಬಳಿ ಹೇಳಿಕೊಂಡರೆ, ಇಂಥ ಮಕ್ಕಳು ಒಂದು ಕೆಲಸ ಬಿಟ್ಟರೆ ಕೈ ಮರೆತುಬಿಡುತ್ತದೆ, ಬಹಳ ದಿನ ಬಿಡಬೇಡಿ ಎಂದಳು. ಆ ಮಾತು ಕೇಳಿ ನನಗೆ ಜೀವ ಹೋದ ಹಾಗಾಯಿತು. ಅವನನ್ನು ಇಲ್ಲಿ ಉಳಿಸಿಕೊಳ್ಳುವುದಕ್ಕೆ ನಾನೊಂದು ಸುಳ್ಳು ಹೇಳಿದ್ದೆ. ಆ ಸುಳ್ಳೇ ನಿಜವಾಗಿಬಿಟ್ಟರೆ? ಏನೂ ಬಾರದವನಾಗಿ ಟಿವಿ ಮುಂದೆ ಕೂತೇ ಮುದುಕನಾಗಿಬಿಟ್ಟರೆ? ಊರಿಗೆ ಕಳಿಸುವುದು ಇದಕ್ಕಿಂತ ಮೇಲಿತ್ತೇನೋ ಎಂದು ಕೂಡ ಅನಿಸಿತು.

ಕೆಳಗಿನ ಉಡುಪಿಯಾಕೆ ನೀರುದೋಸೆ ಹಿಡಿದುಕೊಂಡು ಹತ್ತಿ ಬಂದಳು. "ಶಬ್ದವೇ ಇಲ್ಲ ಮಾರಾಯ್ತಿ, ನೀವು ಊರಿಗೆ ಹೋದ್ರಿ ಅಂತ ಎಣಿಸಿದೆ." ನಾನು ಎಲ್ಲ ಹೇಳಿ ಅತ್ತೆ. ಅವಳು ಸಮಾಧಾನ ಮಾಡುವ ಪೈಕಿ ಅಲ್ಲ. "ನೀವು ಡಾಕ್ಟರ್ ಎದುರು ಹೇಳಿದ್ದು ಸುಳ್ಳು ಅಂತ ಅವನಿಗೆ ಹೇಳಿದ್ದೀರಾ?" ಎಂದಳು. ಹೇಳಿರಲಿಲ್ಲ. ಬಾ ಎಂದಿದ್ದೆ, ಬೈದಿದ್ದೆ, ಅದೊಂದನ್ನು ಮಾತ್ರ ಹೇಳಿರಲಿಲ್ಲ.

ಅವಳ ಎದುರೇ ಅವನ ಪಕ್ಕ ಹೋಗಿ ಕೂತು ಹೇಳಿದೆ. "ನಿಂಗ ರೊಟ್ಟಿ ಬರತೈತಿ. ನನಗಿಂತ ಚಲೋ ಬರತೈತಿ. ಡಾಕ್ಟರ ಮುಂದ ನಾ ಸುಳ್ಳು ಹೇಳಿದೆ."

ಟಿವಿಯಿಂದ ಕಣ್ಣು ತೆಗೆಯದೆ, "ಯಾಕ?" ಎಂದ.

"ನಿನ್ನ ಇಲ್ಲೇ ಇಟ್ಕೊಳ್ಳಾಕ."

"ನಾ ಇಲ್ಲೇ ಅದೀನಿ," ಎಂದ. ಇದೆಂಥ ಹುಚ್ಚು ಮಾತು ಎನ್ನುವ ಹಾಗೆ ನನ್ನನ್ನು ನೋಡಿ, ಮತ್ತೆ ಟಿವಿ ಕಡೆ ತಿರುಗಿದ. ಉಡುಪಿಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡು ದೋಸೆಯ ಡಬ್ಬಿಯನ್ನು ಮರೆತು ಇಳಿದು ಹೋದಳು. ಕಾಯಿದೆ, ಇಕಾಮಾ, ಸಮಿತಿ, ಯಾವುದನ್ನು ಅವನಿಗೆ ತಿಳಿಯುವಂತೆ ಹೇಳಲಿ? ಅವನ ಮಟ್ಟಿಗೆ ಅವನು ಎಲ್ಲಿಗೂ ಹೋಗುವವನಿರಲಿಲ್ಲ. ನಾನು ಸುಮ್ಮಸುಮ್ಮನೆ ಮಂದಿಯ ಮುಂದೆ ಅವನ ಮಾನ ಕಳೆದಿದ್ದೆ.

ಒಂದು ಗುರುವಾರ ಮನೆಯವರು ಇಕಾಮಾದ ಹೊಸ ಕಾರ್ಡುಗಳನ್ನು ತಂದರು. ನನ್ನದೂ ಅವನದೂ ಒಟ್ಟಿಗೇ ನವೀಕರಣಕ್ಕೆ ಹೋಗಿದ್ದವು, ಒಟ್ಟಿಗೇ ಬಂದವು. ಬರುವಾಗ ದಾರಿಯಲ್ಲಿ ಫರ್ವಾನಿಯಾದಿಂದ ಜಿಲೇಬಿಯನ್ನೂ ತಂದಿದ್ದರು. ಕಾರ್ಡನ್ನು ಅವನ ಕೈಗೆ ಕೊಟ್ಟು, "ನೋಡ್ರಿ ಸಾವಕಾರ್ರ, ನೀವು ಎಲ್ಲಿಗೂ ಹೋಗಂಗಿಲ್ಲ," ಎಂದರು. ಅವನು ತನ್ನ ಫೋಟೋ ನೋಡಿ ಮೆಚ್ಚಿಕೊಂಡ. ಆಮೇಲೆ ಅಕ್ಷರಗಳ ಮೇಲೆ ಬೆರಳಿಟ್ಟು, ಎಷ್ಟೋ ದಿನಗಳ ನಂತರ ತಾನಾಗಿಯೇ ನನ್ನನ್ನು ಕೇಳಿದ.

"ಇದರಾಗ ಏನ ಬರದಾರ?"

"ನೀ ಅಪ್ಪನ ಮ್ಯಾಲ ಅದಿ ಅಂತ."

"ಯಾಕ?"

ನನಗೆ ಸುಳ್ಳು ಸಾಕಾಗಿತ್ತು. "ನಿನ್ನ ಅಪ್ಪ ನೋಡ್ಕೋತಾನ ಅಂತ," ಎಂದೆ.

ಅವನ ಮುಖ ಗಂಟಾಯಿತು. "ರೊಟ್ಟಿ ಬರಂಗಿಲ್ಲಂತ?"

ಅಷ್ಟು ದಿನ ಅವನೊಳಗೆ ಏನು ಕೂತಿತ್ತು ಎಂಬುದು ನನಗೆ ಆಗ ಸರಿಯಾಗಿ ತಿಳಿಯಿತು. ಅವನ ಪಾಲಿಗೆ ಆ ಕಾರ್ಡು ನನ್ನ ಮಾತಿನ ಅಚ್ಚು. ನನ್ನ ಕಾರ್ಡನ್ನೂ ಅವನ ಕೈಗೆ ಕೊಟ್ಟೆ. "ಇಲ್ಲಿ ನೋಡು. ನಾನೂ ಅಪ್ಪನ ಮ್ಯಾಲನ ಅದೀನಿ. ಇದರಾಗೂ ಅದ ಬರದಾರ." ಸುಳ್ಳಲ್ಲ. ಮದುವೆಯಾಗಿ ಬಂದಾಗಿನಿಂದ ಈ ದೇಶದ ಲೆಕ್ಕದಲ್ಲಿ ನಾನೂ ಅವಲಂಬಿತೆಯೇ. ನನ್ನನ್ನು ಯಾರೂ ಒಂದು ಕೋಣೆಯಲ್ಲಿ ಕೂರಿಸಿ, ನಿನಗೆ ಏನೇನು ಬರುವುದಿಲ್ಲ ಹೇಳು ಎಂದು ಕೇಳಲಿಲ್ಲ, ಅಷ್ಟೆ.

ಅವನು ಎರಡೂ ಕಾರ್ಡುಗಳನ್ನು ಪಕ್ಕಪಕ್ಕ ಹಿಡಿದು, ಒಂದೊಂದೇ ಸಾಲಿಗೆ ಬೆರಳಿಟ್ಟು ಹೋಲಿಸಿದ. ಬಹಳ ಹೊತ್ತು ನೋಡಿದ.

"ನಿಂಗ ರೊಟ್ಟಿ ಬರತೈತಲ್ಲ?"

"ಬರತೈತಿ."

ಅವನು ಅಪ್ಪನ ಕಡೆ ತಿರುಗಿದ. "ಅಪ್ಪಾ, ನಿಂಗ?"

ಮನೆಯವರ ಕೈಯಲ್ಲಿ ಜಿಲೇಬಿ ಅರ್ಧ ದಾರಿಯಲ್ಲಿ ನಿಂತಿತು. ಮದುವೆಯಾದ ಹೊಸದರಲ್ಲಿ ನಾನು ಹಾಸಿಗೆ ಹಿಡಿದಾಗ ಒಂದೇ ಒಂದು ಸಲ ಬಡಿಯಲು ಹೋಗಿ, ಹಿಟ್ಟನ್ನು ಮೊಣಕೈವರೆಗೂ ಮೆತ್ತಿಕೊಂಡು, ಕೊನೆಗೆ ಅದನ್ನೆಲ್ಲ ಕಸದ ಚೀಲಕ್ಕೆ ಹಾಕಿ ನನಗೆ ಕಾಣದಂತೆ ಕೆಳಗೆ ಒಯ್ದವರು ಅವರು. "ನಂಗ ಬರಂಗಿಲ್ಲಪಾ," ಎಂದರು. "ಖರೇನ ಬರಂಗಿಲ್ಲ."

ಸಾವಕಾರರು ಯೋಚಿಸಿದರು. ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟು ನನ್ನ ಕೈಗೆ ವಾಪಸು ಕೊಟ್ಟರು.

"ಹಂಗಾರ ಅಪ್ಪ ನಮ್ಮ ಮ್ಯಾಲ ಅದಾನ," ಎಂದು ಹೇಳಿ ಎದ್ದರು.

ಎದ್ದವನು ಅಡುಗೆಮನೆಗೆ ಹೋಗಿ ಕೈ ತೊಳೆದುಕೊಂಡ. ನಾನು ಓಡಿ ಎಸರಿಟ್ಟೆ, ಹಿಟ್ಟು ನಾದಿದೆ, ಆತುರಕ್ಕೆ ಕೈ ಸುಟ್ಟುಕೊಂಡೆ. ಮೊದಲನೇ ರೊಟ್ಟಿ ಅವನ ಕೈಯಲ್ಲಿ ಹರಿದುಹೋಯಿತು. ಮತ್ತೆ ಮುದ್ದೆ ಮಾಡಿ ಬಡಿದ, ಅದೂ ಹರಿಯಿತು. ನಾನು ನನ್ನ ಕೈಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು ನಿಂತೆ, ಕೈ ಹಾಕಲಿಲ್ಲ, ಮಾತಾಡಲಿಲ್ಲ. ಬಾಗಿಲಲ್ಲಿ ಮನೆಯವರೂ ನಿಂತಿದ್ದರು. ಮೂರನೆಯದು ಅಂಚಿನಲ್ಲಿ ಸ್ವಲ್ಪ ಸೀಳಿತು, ಆದರೆ ದುಂಡಗೆ ಬಂತು. ಹಂಚಿನಿಂದ ತೆಗೆದು ಅದನ್ನು ಅಪ್ಪನ ಕೈಗೆ ಕೊಟ್ಟು, ಬಿಸಿ ಐತಿ, ಊದಿ ತಿನ್ನು ಎಂದ.